ಇಳಿದ ರೆಪ್ಪೆ, ಒಂದು ಹನಿ, ಹತ್ತು ನಿಮಿಷ: ನರನಿಯಂತ್ರಣದ ಒಂದು ಅನ್ವಯ ಪಾಠ

ತರಗತಿ: ಹತ್ತನೆಯ ತರಗತಿ, ಕನ್ನಡ ಮಾಧ್ಯಮ
ವಿಷಯ: ವಿಜ್ಞಾನ (ಜೀವಶಾಸ್ತ್ರ)
ಘಟಕ: ನಿಯಂತ್ರಣ ಮತ್ತು ಸಹಭಾಗಿತ್ವ
ಉಪಘಟಕ: ನರಸಂದೇಶ, ಸ್ನಾಯುವಿನ ಪ್ರತಿಕ್ರಿಯೆ, ಕಣ್ಣಿನ ಹನಿ ಪರೀಕ್ಷೆ
ಅವಧಿ: 40 ನಿಮಿಷಗಳ ಎರಡು ತರಗತಿ

ಪಾಠದ ಹಿನ್ನೆಲೆ

ನರದ ತುದಿಯಲ್ಲಿ ರಾಸಾಯನಿಕ ವಸ್ತು ಬಿಡುಗಡೆಯಾಗಿ, ಸಣ್ಣ ಅಂತರವನ್ನು ದಾಟಿ ಸ್ನಾಯುವನ್ನು ತಲುಪುತ್ತದೆ ಎಂಬ ವಾಕ್ಯ ಈ ಘಟಕ ಓದಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಬಾಯಿಪಾಠ. ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದರೆ ಗುರುತಿಸುತ್ತಾರೆ. ಆದರೆ ‘ಆ ರಾಸಾಯನಿಕವನ್ನು ಹೊರಗಿನಿಂದ ನಾವೇ ಹಾಕಿದರೆ ಏನಾಗಬಹುದು?’ ಎಂದು ಕೇಳಿದಾಗ ತರಗತಿ ಸುಮ್ಮನಾಗುತ್ತದೆ. ಪಠ್ಯದ ವಾಕ್ಯವನ್ನು ಬಳಸಿ ಯೋಚಿಸುವ ಅವಕಾಶ ಅವರಿಗೆ ಸಿಕ್ಕಿರುವುದಿಲ್ಲ. ಅದಕ್ಕಾಗಿಯೇ ಬೋಧನಾಭ್ಯಾಸದ ಕೊನೆಯ ವಾರದಲ್ಲಿ ನಾನು ಈ ಪಾಠವನ್ನು ಆರಿಸಿಕೊಂಡೆ.

ಕಣ್ಣಿನ ಮೇಲ್ರೆಪ್ಪೆ ಜೋತುಬಿದ್ದವರನ್ನು ಪರೀಕ್ಷಿಸುವಾಗ ನೇತ್ರವೈದ್ಯರು ಕೆಲವೊಮ್ಮೆ ಒಂದು ಹನಿ ಔಷಧಿ ಹಾಕಿ, ಕಾದು, ರೆಪ್ಪೆ ಎಷ್ಟು ಏರಿತು ಎಂದು ಅಳೆಯುತ್ತಾರೆ. ಬೇಕಾಗುವ ಉಪಕರಣ ಒಂದು ಅಳತೆಪಟ್ಟಿ, ಒಂದು ಗಡಿಯಾರ. ಆದರೂ ನರ, ರಾಸಾಯನಿಕ, ಗ್ರಾಹಕ, ಸ್ನಾಯು ಎಂಬ ಇಡೀ ಸರಪಳಿ ಅದರಲ್ಲಿದೆ. ಈ ಪಾಠದ ತಿರುಳನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ಪರೀಕ್ಷೆ ಎಂದರೆ ದೇಹಕ್ಕೆ ಕೇಳುವ ಒಂದು ಪ್ರಶ್ನೆ, ಉತ್ತರ ಸಿಗುವುದು ಕೇಳಿದ ಪ್ರಶ್ನೆಗೆ ಮಾತ್ರ.

ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು:
1. ಮೇಲ್ರೆಪ್ಪೆಯನ್ನು ಎತ್ತುವ ಸ್ನಾಯುಗಳನ್ನೂ ಅವುಗಳ ನರಗಳನ್ನೂ ಹೆಸರಿಸುವರು.
2. ಹನಿ ಹಾಕುವ ಮೊದಲು ಮತ್ತು ನಂತರದ ಅಳತೆಗಳನ್ನು ಹೋಲಿಸಿ ಕಾರಣ ಹೇಳುವರು.
3. ಒಂದು ಪರೀಕ್ಷೆಯಿಂದ ತಿಳಿಯುವುದನ್ನೂ ತಿಳಿಯದಿರುವುದನ್ನೂ ಬೇರ್ಪಡಿಸುವರು.
4. ರೆಪ್ಪೆ ಇಳಿದಿರುವ ವ್ಯಕ್ತಿಯನ್ನು ಯಾವಾಗ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಬೇಕೆಂದು ಹೇಳುವರು.

ಸಾಮಗ್ರಿ: ಗ್ರಾಫ್ ಹಾಳೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ ಬರೆದ ಕಣ್ಣಿನ ಚಿತ್ರಗಳು (1 ಸೆಂ.ಮೀ. = 1 ಮಿ.ಮೀ.), ಅಳತೆಪಟ್ಟಿ, ನಾಲ್ಕು ಪ್ರಕರಣ ಚೀಟಿಗಳು. ಚೀಟಿಗಳಲ್ಲಿರುವ ವ್ಯಕ್ತಿಗಳು, ಅಳತೆಗಳು ಪಾಠಕ್ಕಾಗಿ ನಾನೇ ರೂಪಿಸಿದವು.

ಮೊದಲೇ ಹೇಳಬೇಕಾದ ನಿಯಮ: ಯಾವ ಔಷಧಿಯ ಹನಿಯೂ ತರಗತಿಯೊಳಗೆ ಬರಕೂಡದು. ಫಿನೈಲೆಫ್ರಿನ್ ಹನಿ ರಕ್ತದೊತ್ತಡವನ್ನು ಏರಿಸಬಲ್ಲದು, ಪಾಪೆಯನ್ನು ಹಿಗ್ಗಿಸಬಲ್ಲದು. ಕಣ್ಣಿನೊಳಗಿನ ಕೋನ ಕಿರಿದಾಗಿರುವವರಲ್ಲಿ ಕಣ್ಣಿನ ಒತ್ತಡ ಥಟ್ಟನೆ ಹೆಚ್ಚುವ ಅಪಾಯವೂ ಇದೆ. ವೈದ್ಯರೇ ಹೃದ್ರೋಗಿಗಳಲ್ಲೂ ಹಸುಗೂಸುಗಳಲ್ಲೂ ಎಚ್ಚರ ವಹಿಸುತ್ತಾರೆ. ನಮ್ಮ ಪಾಠಕ್ಕೆ ಚಿತ್ರ ಮತ್ತು ಅಂಕಿಗಳೇ ಸಾಕು.

ಹಂತ 1: ತೊಡಗಿಸಿಕೊಳ್ಳುವುದು

‘ಮನೆಯಲ್ಲಿ ಯಾರಿಗಾದರೂ ಕಣ್ಣಾಸ್ಪತ್ರೆಯಲ್ಲಿ ಹನಿ ಹಾಕಿ ಕೂರಿಸಿದ್ದು ನೋಡಿದ್ದೀರಾ?’ ಎಂದು ಕೇಳಿದೆ. ಅರ್ಧ ತರಗತಿ ಕೈ ಎತ್ತಿತು. ಅಜ್ಜಿಯ ಪೊರೆಯ ತಪಾಸಣೆಗೆ ಜೊತೆಗೆ ಹೋಗಿದ್ದವರೇ ಹೆಚ್ಚು. ‘ಹನಿ ಹಾಕಿದ ಮೇಲೆ ಅಜ್ಜಿಗೆ ಬಿಸಿಲಿಗೆ ಕಣ್ಣು ಬಿಡೋಕೆ ಆಗ್ಲಿಲ್ಲ ಮೇಡಂ’ ಎಂದು ಒಬ್ಬಳು ಹೇಳಿದಳು. ಪಾಪೆ ಹಿಗ್ಗಿ ಬೆಳಕು ಹೆಚ್ಚು ಒಳಹೋದದ್ದೇ ಕಾರಣ ಎಂಬುದನ್ನು ಮಕ್ಕಳೇ ಹೇಳಿದರು. ಹಾಗೆ ಪಾಪೆ ಹಿಗ್ಗಿಸುವ ಎಷ್ಟೋ ಹನಿಗಳಲ್ಲಿ ಫಿನೈಲೆಫ್ರಿನ್ ಕೂಡ ಇರುತ್ತದೆ. ‘ಅದೇ ಹನಿ ರೆಪ್ಪೆಯನ್ನೂ ಸ್ವಲ್ಪ ಎತ್ತುತ್ತದೆ. ಪಾಪೆಗೂ ರೆಪ್ಪೆಗೂ ಏನು ಸಂಬಂಧ?’ ಎಂಬ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದು ಬಿಟ್ಟೆ. ಉತ್ತರವನ್ನು ಆಗಲೇ ಕೊಡಲಿಲ್ಲ.

ಹಂತ 2: ಪರಿಶೋಧಿಸುವುದು

ಮೊದಲು ಮಕ್ಕಳು ತಮ್ಮ ಮೇಲೆಯೇ ಗಮನಿಸುವ ಚಟುವಟಿಕೆ. ತಲೆ ಅಲುಗಿಸದೆ ಕೆಳಗೆ ನೋಡಿ, ನಂತರ ಮೇಲೆ ನೋಡಿ. ಈಗ ಅಂಗೈಯನ್ನು ಹಣೆಯ ಮೇಲಿಟ್ಟು ಹುಬ್ಬು ಏರದಂತೆ ಒತ್ತಿಹಿಡಿದು ಮತ್ತೆ ಮೇಲೆ ನೋಡಿ. ಹುಬ್ಬಿನ ಸಹಾಯವಿಲ್ಲದೆಯೂ ರೆಪ್ಪೆ ಏರುತ್ತದೆ. ಆದರೆ ಹಣೆಯ ಸ್ನಾಯು ತಾನೂ ಕೈಜೋಡಿಸಲು ಯತ್ನಿಸುವುದು ಅಂಗೈಗೆ ತಿಳಿಯುತ್ತದೆ. ವೈದ್ಯರೂ ಹುಬ್ಬನ್ನು ಹೆಬ್ಬೆರಳಿನಿಂದ ಹಿಡಿದೇ ರೆಪ್ಪೆ ಎತ್ತುವ ಮುಖ್ಯ ಸ್ನಾಯುವಿನ ಬಲವನ್ನು ಅಳೆಯುತ್ತಾರೆ. ಪೂರ್ಣ ಕೆಳನೋಟದಿಂದ ಪೂರ್ಣ ಮೇಲ್ನೋಟಕ್ಕೆ ರೆಪ್ಪೆಯ ಅಂಚು 12 ಮಿ.ಮೀ.ಗಿಂತ ಹೆಚ್ಚು ಚಲಿಸಿದರೆ ಸಹಜ, 4 ಮಿ.ಮೀ. ಅಥವಾ ಕಡಿಮೆಯಾದರೆ ಸ್ನಾಯು ತೀರ ದುರ್ಬಲ.

ನಂತರ ಜೋಡಿಗಳಿಗೆ ಗ್ರಾಫ್ ಚಿತ್ರಗಳನ್ನು ಕೊಟ್ಟೆ. ಎದುರಿನಿಂದ ಟಾರ್ಚ್ ಹಿಡಿದರೆ ಪಾಪೆಯ ನಡುವೆ ಬೆಳಕಿನ ಚುಕ್ಕೆಯೊಂದು ಹೊಳೆಯುತ್ತದೆ. ಆ ಚುಕ್ಕೆಯಿಂದ ಮೇಲ್ರೆಪ್ಪೆಯ ಅಂಚಿನವರೆಗಿನ ಅಂತರವನ್ನು ವೈದ್ಯರು ಎಂಆರ್‌ಡಿ-1 ಎಂದು ಕರೆಯುತ್ತಾರೆ. ಸಹಜ ಕಣ್ಣಿನಲ್ಲಿ ಇದು ಸುಮಾರು 4ರಿಂದ 5 ಮಿ.ಮೀ. ಚಿತ್ರಗಳಲ್ಲಿ ಚುಕ್ಕೆಯನ್ನು ಗುರುತಿಸಿದ್ದೆ. ಮಕ್ಕಳು ಚೌಕಗಳನ್ನು ಎಣಿಸಿ ಅಂತರವನ್ನು ಬರೆದರು. ‘ಪಾಪೆಯ ವ್ಯಾಸ 3 ಮಿ.ಮೀ., ಎಂಆರ್‌ಡಿ-1 ಬರೀ 1 ಮಿ.ಮೀ. ಆದರೆ ಏನರ್ಥ?’ ಎಂದು ಕೇಳಿದಾಗ, ಪಾಪೆಯ ಮೇಲಿನ ಅಂಚೇ ಮುಚ್ಚಿಹೋಗಿದೆ ಎಂದು ಲೆಕ್ಕ ಮಾಡಿ ಹೇಳಿದರು. ರೆಪ್ಪೆ ಇಳಿಯುವುದು ಅಂದಚಂದದ ವಿಷಯವಷ್ಟೇ ಅಲ್ಲ, ನೋಟದ ವಿಷಯ ಎಂಬುದನ್ನು ನಾನು ಹೇಳುವ ಮೊದಲೇ ಅಂಕಿ ಹೇಳಿತ್ತು.

ಹಂತ 3: ವಿವರಿಸುವುದು

ಹಲಗೆಯ ಮೇಲೆ ಮೂರು ಸಾಲು ಬರೆದೆ.

ಲಿವೇಟರ್ ಸ್ನಾಯು – ರೆಪ್ಪೆಯನ್ನು ಎತ್ತುವ ಮುಖ್ಯ ಸ್ನಾಯು – ಐಚ್ಛಿಕ – ಮೂರನೆಯ ಕಪಾಲ ನರ
ಮ್ಯುಲರ್ ಸ್ನಾಯು – ಸುಮಾರು 2 ಮಿ.ಮೀ.ನಷ್ಟು ಎತ್ತುವ ಸಹಾಯಕ – ಅನೈಚ್ಛಿಕ – ಸಿಂಪಥೆಟಿಕ್ ನರ
ಹಣೆಯ ಸ್ನಾಯು – ಹುಬ್ಬಿನ ಮೂಲಕ ಎತ್ತುತ್ತದೆ – ಐಚ್ಛಿಕ – ಮುಖದ ನರ

ನಮ್ಮ ಪರೀಕ್ಷೆಗೆ ಸಂಬಂಧಿಸಿದ್ದು ಎರಡನೆಯ ಸಾಲು. ಜರ್ಮನಿಯ ಹೈನ್ರಿಖ್ ಮ್ಯುಲರ್ ಹೆಸರು ಹೊತ್ತ ಈ ಪುಟ್ಟ ಸ್ನಾಯು ನಮ್ಮ ಇಚ್ಛೆಗೆ ಒಳಪಟ್ಟಿಲ್ಲ. ಭಯವಾದಾಗ ಎದೆಬಡಿತ ಹೆಚ್ಚಿಸುವ, ಪಾಪೆ ಹಿಗ್ಗಿಸುವ ಸಿಂಪಥೆಟಿಕ್ ನರಗಳೇ ಇದನ್ನೂ ಆಳುತ್ತವೆ. ಹೆದರಿದವರ ಕಣ್ಣು ಅಗಲವಾಗುವುದು ಇದರಿಂದಲೇ. ಮೂಲೆಯಲ್ಲಿ ಬರೆದಿಟ್ಟ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು: ಪಾಪೆ ಹಿಗ್ಗಿಸುವ ಸ್ನಾಯುವಿಗೂ ರೆಪ್ಪೆಯ ಈ ಸ್ನಾಯುವಿಗೂ ಸಂದೇಶ ತರುವ ರಾಸಾಯನಿಕ ಒಂದೇ, ನಾರ್‌ಅಡ್ರಿನಲಿನ್. ಫಿನೈಲೆಫ್ರಿನ್ ಅದನ್ನೇ ಹೋಲುವ ವಸ್ತು. ಅದು ನರಕ್ಕಾಗಿ ಕಾಯದೆ ಸ್ನಾಯುವಿನ ಗ್ರಾಹಕವನ್ನು ನೇರವಾಗಿ ಮುಟ್ಟುತ್ತದೆ.

ಪರೀಕ್ಷೆಯ ಕ್ರಮ ಹೀಗೆ. ಮೊದಲು ಎರಡೂ ಕಣ್ಣುಗಳ ಎಂಆರ್‌ಡಿ-1 ಅಳೆದು ಬರೆದುಕೊಳ್ಳುವುದು. ಇಳಿದ ರೆಪ್ಪೆಯ ಕಣ್ಣಿಗೆ ಸಾಮಾನ್ಯವಾಗಿ 2.5 ಪ್ರತಿಶತ ಫಿನೈಲೆಫ್ರಿನ್ ಹಾಕುವುದು. 10 ಪ್ರತಿಶತದ ಹನಿಯೂ ಇದೆ; ರಕ್ತದೊತ್ತಡದ ಭಯ ಅದರಲ್ಲಿ ಹೆಚ್ಚು. ಐದರಿಂದ ಹತ್ತು ನಿಮಿಷ ಕಾಯುವುದು. ಮತ್ತೆ ಎರಡೂ ಕಣ್ಣುಗಳನ್ನು ಅಳೆಯುವುದು. ‘ಎರಡೂ’ ಎಂಬ ಪದಕ್ಕೆ ಅಡಿಗೆರೆ ಎಳೆದೆ. ಅದರ ಕಾರಣ ಮುಂದಿನ ಹಂತದಲ್ಲಿದೆ.

ಹಂತ 4: ವಿಸ್ತರಿಸುವುದು (ಎರಡನೆಯ ಅವಧಿ)

ತರಗತಿಯನ್ನು ಗುಂಪುಗಳಾಗಿಸಿ ಚೀಟಿಗಳನ್ನು ಒಂದೊಂದಾಗಿ ಕೊಟ್ಟೆ. ಪ್ರತಿ ಚೀಟಿಯಲ್ಲೂ ಫಲಿತಾಂಶ ಹಾಳೆಯ ಹಿಂಬದಿಯಲ್ಲಿತ್ತು. ಮೊದಲು ಊಹೆ ಮತ್ತು ಕಾರಣ ಬರೆಯಬೇಕು, ಆಮೇಲೆ ತಿರುಗಿಸಬೇಕು.

ಚೀಟಿ 1. ವಯಸ್ಸಾದವರೊಬ್ಬರ ಬಲರೆಪ್ಪೆ ಕೆಲವು ವರ್ಷಗಳಿಂದ ನಿಧಾನವಾಗಿ ಇಳಿದಿದೆ. ಬಲ 1 ಮಿ.ಮೀ., ಎಡ 3.5 ಮಿ.ಮೀ. ಬಲಗಣ್ಣಿಗೆ ಮಾತ್ರ ಹನಿ. ಹತ್ತು ನಿಮಿಷದ ನಂತರ ಬಲ 3, ಎಡ 2.5.

ಬಲರೆಪ್ಪೆ ಏರುವುದನ್ನು ಎಲ್ಲ ಗುಂಪುಗಳೂ ಊಹಿಸಿದ್ದವು. ಎಡರೆಪ್ಪೆ ಇಳಿದದ್ದನ್ನು ಯಾರೂ ಊಹಿಸಿರಲಿಲ್ಲ. ‘ಹನಿ ಮೂಗಿನ ಒಳಗಿಂದ ಆ ಕಡೆಗೆ ಹೋಗಿರಬೇಕು’ ಎಂದು ಒಂದು ಗುಂಪು ಹೇಳಿತು. ‘ಹೋದರೆ ಆ ರೆಪ್ಪೆಯೂ ಏರಬೇಕಿತ್ತಲ್ಲ?’ ಎಂದು ಇನ್ನೊಂದು ಗುಂಪೇ ತಡೆಯಿತು. ಆಗ ನಾನು ಕೆರೆಯ ತೂಬಿನ ಚಿತ್ರ ಬರೆದೆ. ಒಂದೇ ತೂಬಿನಿಂದ ಎರಡು ಗದ್ದೆಗಳಿಗೆ ನೀರು ಹರಿಯುತ್ತದೆ. ಒಂದು ಗದ್ದೆ ಒಣಗುತ್ತಿದೆ ಎಂದು ತೂಬನ್ನು ಹೆಚ್ಚು ತೆರೆದರೆ ಇನ್ನೊಂದಕ್ಕೂ ನೀರು ಹೆಚ್ಚುತ್ತದೆ. ಒಣಗಿದ ಗದ್ದೆಗೆ ಬೇರೆ ಕಡೆಯಿಂದ ನೀರು ಬಂದೊಡನೆ ತೂಬನ್ನು ಇಳಿಸುತ್ತೇವೆ. ಆಗ ಎರಡನೆಯ ಗದ್ದೆಯ ನೀರೂ ತಗ್ಗುತ್ತದೆ. ಎರಡೂ ಲಿವೇಟರ್‌ಗಳಿಗೆ ಮಿದುಳು ಕಳಿಸುವ ಆಜ್ಞೆ ಸಮಪಾಲಿನದು. ಇದನ್ನು ಹೆರಿಂಗ್ ನಿಯಮ ಎನ್ನುತ್ತಾರೆ. ಎವಾಲ್ಡ್ ಹೆರಿಂಗ್ 19ನೆಯ ಶತಮಾನದ ಜರ್ಮನ್ ಶರೀರಕ್ರಿಯಾ ವಿಜ್ಞಾನಿ. ಬಲರೆಪ್ಪೆಯನ್ನು ಎತ್ತಲು ಮಿದುಳು ಇಷ್ಟು ದಿನ ಹೆಚ್ಚು ಆಜ್ಞೆ ಕಳಿಸುತ್ತಿತ್ತು, ಎಡರೆಪ್ಪೆಗೂ ಅದರ ಪಾಲು ಸಿಗುತ್ತಿತ್ತು. ಅಂದರೆ ಎಡರೆಪ್ಪೆಯೂ ಒಳಗೊಳಗೇ ಇಳಿದಿದ್ದು, ಮರೆಯಾಗಿತ್ತು. ಶಸ್ತ್ರಚಿಕಿತ್ಸಕರಿಗೆ ಇದು ಬಹು ಮುಖ್ಯ. ಬಲಗಣ್ಣಿಗೆ ಮಾತ್ರ ಶಸ್ತ್ರಚಿಕಿತ್ಸೆ ಮಾಡಿದರೆ ಎಡರೆಪ್ಪೆ ಇಳಿದು ಕಾಣಬಹುದು ಎಂಬ ಮುನ್ಸೂಚನೆ ಅವರಿಗೆ ಕತ್ತರಿ ಹಿಡಿಯುವ ಮೊದಲೇ ಸಿಗುತ್ತದೆ.

ಇದೇ ಚೀಟಿಯ ಮೇಲೆ ಮತ್ತೊಂದು ಪ್ರಶ್ನೆ ಕೇಳಿದೆ. ‘ಹನಿಗೆ ರೆಪ್ಪೆ ಏರಿತು. ಹಾಗಾದರೆ ಕೆಟ್ಟಿದ್ದು ಮ್ಯುಲರ್ ಸ್ನಾಯುವೇ?’ ಬಹಳ ಮಂದಿ ಹೌದು ಎಂದರು. ಪಾಠದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಸಡಿಲವಾಗುವುದು ಲಿವೇಟರ್ ಸ್ನಾಯು ರೆಪ್ಪೆಗೆ ಅಂಟಿಕೊಂಡಿರುವ ಪಟ್ಟಿಯಂಥ ಭಾಗ. ಹನಿ ಆ ಭಾಗವನ್ನು ಮುಟ್ಟುವುದೇ ಇಲ್ಲ. ಮ್ಯುಲರ್ ಸ್ನಾಯು ಇನ್ನಷ್ಟು ಬಿಗಿದರೆ ಆ ಕೊರತೆಯನ್ನು ತುಂಬಬಲ್ಲದೇ ಎಂಬುದಷ್ಟೇ ಹನಿಯ ಪ್ರಶ್ನೆ. ‘ತುಂಬಬಲ್ಲದು’ ಎಂಬ ಉತ್ತರ ಬಂದರೆ, ರೆಪ್ಪೆಯ ಒಳಮೈಯಿಂದ ಮ್ಯುಲರ್ ಸ್ನಾಯುವನ್ನು ಸ್ವಲ್ಪ ಕತ್ತರಿಸಿ ಗಿಡ್ಡಮಾಡುವ ಶಸ್ತ್ರಚಿಕಿತ್ಸೆ ಅಂಥವರಿಗೆ ಹೊಂದಬಹುದು. ಪಟರ್‌ಮನ್ ಮತ್ತು ಯೂರಿಸ್ಟ್ 1975ರಲ್ಲಿ ವಿವರಿಸಿದ ವಿಧಾನ ಇದು. ಹೊರಗಡೆ ಚರ್ಮದ ಮೇಲೆ ಗಾಯದ ಗುರುತು ಇರುವುದಿಲ್ಲ. ಮಕ್ಕಳಿಗೆ ನಾನು ಹೇಳಿದ್ದು: ‘ಕುಂಟುವ ಎತ್ತಿನ ಜೊತೆಗಾರ ಹೆಚ್ಚು ಎಳೆದು ಗಾಡಿ ಮುಂದೆ ಹೋಯಿತು ಅಂದರೆ ಕುಂಟುವ ಎತ್ತು ಯಾವುದು ಎಂದು ಗೊತ್ತಾದಂತಲ್ಲ.’

ಚೀಟಿ 2. ಒಂದು ರೆಪ್ಪೆ ಬರೀ 1.5 ಮಿ.ಮೀ. ಇಳಿದಿದೆ, ಅದೇ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಚಿಕ್ಕದು, ಮಬ್ಬು ಬೆಳಕಿನಲ್ಲಿ ವ್ಯತ್ಯಾಸ ಹೆಚ್ಚು.

ರೆಪ್ಪೆ ಮತ್ತು ಪಾಪೆ ಎರಡೂ ಕೆಟ್ಟಿರುವುದರಿಂದ ಎರಡಕ್ಕೂ ಸಾಮಾನ್ಯವಾದ ಸಿಂಪಥೆಟಿಕ್ ನರದಲ್ಲೇ ತೊಂದರೆ ಎಂದು ಹಲಗೆಯ ಎರಡನೆಯ ಸಾಲು ನೋಡಿ ಮೂರು ಗುಂಪುಗಳು ಹೇಳಿದವು. ಇದು ಹಾರ್ನರ್ ಸಿಂಡ್ರೋಮ್. ಸ್ವಿಟ್ಜರ್ಲೆಂಡಿನ ನೇತ್ರವೈದ್ಯ ಯೋಹಾನ್ ಫ್ರೀಡ್ರಿಖ್ ಹಾರ್ನರ್ 1869ರಲ್ಲಿ ವಿವರಿಸಿದ್ದು. ಈ ನರಮಾರ್ಗ ಮಿದುಳಿನಿಂದ ಹೊರಟು, ಬೆನ್ನುಹುರಿಯಲ್ಲಿ ಎದೆಯ ಮಟ್ಟದವರೆಗೆ ಇಳಿದು, ಶ್ವಾಸಕೋಶದ ತುದಿಯನ್ನು ಬಳಸಿ, ಕುತ್ತಿಗೆಯ ದೊಡ್ಡ ರಕ್ತನಾಳದ ಪಕ್ಕದಲ್ಲಿ ಮತ್ತೆ ಕಣ್ಣಿಗೆ ಏರುತ್ತದೆ. ಆದ್ದರಿಂದ ಕಣ್ಣಿನಲ್ಲಿ ಕಂಡ ಚಿಹ್ನೆಯ ಕಾರಣ ಎದೆಯಲ್ಲೋ ಕುತ್ತಿಗೆಯಲ್ಲೋ ಇರಬಹುದು.

ಇಲ್ಲಿ ಎರಡು ಬೇರೆ ಹನಿಗಳನ್ನು ಹೋಲಿಸಿದೆವು. ಹಿಂದಿನಿಂದ ಬಂದ ಪರೀಕ್ಷೆ ಕೊಕೇನ್ ಹನಿಯದು. ಅದು ತಾನೇ ಸಂದೇಶ ಕೊಡುವುದಿಲ್ಲ. ಬಿಡುಗಡೆಯಾದ ನಾರ್‌ಅಡ್ರಿನಲಿನ್ ನರದೊಳಗೆ ವಾಪಸು ಹೋಗದಂತೆ ತಡೆಯುತ್ತದೆ, ತೊಟ್ಟಿಯ ಕಿಂಡಿ ಮುಚ್ಚಿದ ಹಾಗೆ. ನಲ್ಲಿಯಲ್ಲಿ ನೀರೇ ಬಾರದಿದ್ದರೆ ಕಿಂಡಿ ಮುಚ್ಚಿದರೂ ತೊಟ್ಟಿ ತುಂಬದು. ಹಾಗಾಗಿ ಸರಿಯಿರುವ ಪಾಪೆ ಹಿಗ್ಗುತ್ತದೆ, ತೊಂದರೆಯ ಪಾಪೆ ಸರಿಯಾಗಿ ಹಿಗ್ಗುವುದಿಲ್ಲ. ಈಗ ಹೆಚ್ಚು ಬಳಕೆಯಲ್ಲಿರುವ ಅಪ್ರಾಕ್ಲೊನಿಡಿನ್ ಹನಿಯಲ್ಲಿ ಫಲಿತಾಂಶ ತಿರುವುಮುರುವು. ಬಹುಕಾಲ ಸಂದೇಶ ಬಾರದೆ ಉಳಿದ ಸ್ನಾಯುವಿನಲ್ಲಿ ಗ್ರಾಹಕಗಳ ಸಂವೇದನೆ ಹೆಚ್ಚುತ್ತದೆ. ಆರೋಗ್ಯವಂತ ಕಣ್ಣನ್ನು ಹಿಗ್ಗಿಸದಷ್ಟು ದುರ್ಬಲ ಔಷಧಿಗೂ ಆ ಕಣ್ಣು ಓಗೊಡುತ್ತದೆ: ಚಿಕ್ಕ ಪಾಪೆ ಹಿಗ್ಗುತ್ತದೆ, ಇಳಿದ ರೆಪ್ಪೆ ಏರುತ್ತದೆ. ಆದರೆ ಈ ಸಂವೇದನೆ ಬೆಳೆಯಲು ಕೆಲವು ದಿನಗಳಾದರೂ ಬೇಕು. ನಿನ್ನೆ ನರಕ್ಕೆ ಪೆಟ್ಟಾಗಿದ್ದರೆ ಇಂದು ಹನಿ ಸುಮ್ಮನಿರಬಹುದು. ‘ಹಾಗಾದರೆ ಏನೂ ಆಗದಿದ್ದರೆ ರೋಗ ಇಲ್ಲ ಅಂತ ಹೇಳೋ ಹಾಗಿಲ್ಲ’ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ತಾನೇ ತೀರ್ಮಾನಿಸಿದ. ಅದನ್ನು ಅವನ ಮಾತಿನಲ್ಲೇ ಹಲಗೆಯ ಮೇಲೆ ಬರೆದೆ.

ಚೀಟಿ 3. ಬೆಳಗ್ಗೆ ಸರಿಯಿರುವ ರೆಪ್ಪೆ ಸಂಜೆಯ ಹೊತ್ತಿಗೆ ಇಳಿಯುತ್ತದೆ. ಕೆಲವು ದಿನ ಎಲ್ಲವೂ ಎರಡೆರಡಾಗಿ ಕಾಣುತ್ತದೆ.

ಮಯಸ್ತೇನಿಯಾ ಗ್ರೇವಿಸ್‌ನಲ್ಲಿ ಐಚ್ಛಿಕ ಸ್ನಾಯುವಿಗೆ ನರ ಕೊಡುವ ಸಂದೇಶ ಸರಿಯಾಗಿ ತಲುಪುವುದಿಲ್ಲ, ಬಳಸಿದಷ್ಟೂ ಸ್ನಾಯು ದಣಿಯುತ್ತದೆ. ಮ್ಯುಲರ್ ಅನೈಚ್ಛಿಕ ಸ್ನಾಯುವಾದ್ದರಿಂದ ಫಿನೈಲೆಫ್ರಿನ್ ಹಾಕಿದರೆ ಇಲ್ಲೂ ರೆಪ್ಪೆ ಏರಬಹುದು. ಆ ಏರಿಕೆಯನ್ನೇ ನಂಬಿದರೆ ನಿಜವಾದ ರೋಗ ತಪ್ಪಿಹೋಗುತ್ತದೆ. ಇಲ್ಲಿ ಬೇಕಾದ ಪ್ರಶ್ನೆ ಬೇರೆ: ಒಂದೆರಡು ನಿಮಿಷ ಮೇಲೆಯೇ ನೋಡುತ್ತಿದ್ದರೆ ರೆಪ್ಪೆ ಜಾರುತ್ತದೆಯೇ? ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಮಂಜುಗಡ್ಡೆಯ ಪೊಟ್ಟಣ ಇಟ್ಟರೆ 2 ಮಿ.ಮೀ. ಅಥವಾ ಹೆಚ್ಚು ಏರುತ್ತದೆಯೇ?

ಚೀಟಿ 4. ಇದ್ದಕ್ಕಿದ್ದಂತೆ ತೀವ್ರ ತಲೆನೋವು, ರೆಪ್ಪೆ ಪೂರ್ತಿ ಇಳಿದಿದೆ, ಕಣ್ಣುಗುಡ್ಡೆ ಹೊರಕ್ಕೂ ಕೆಳಕ್ಕೂ ತಿರುಗಿದೆ, ಪಾಪೆ ದೊಡ್ಡದಾಗಿದೆ.

ಈ ಚೀಟಿಯ ಹಿಂಬದಿ ಖಾಲಿ ಇತ್ತು. ಯಾವ ಹನಿ ಹಾಕಬೇಕೆಂದು ಚರ್ಚಿಸುತ್ತಿದ್ದ ಗುಂಪುಗಳು ತಿರುಗಿಸಿ ನೋಡಿ ಗೊಂದಲಗೊಂಡವು. ಇಲ್ಲಿ ಹನಿ ಪರೀಕ್ಷೆಗೆ ಹೊತ್ತಿಲ್ಲ. ಮೂರನೆಯ ಕಪಾಲ ನರವನ್ನು ಮಿದುಳಿನ ರಕ್ತನಾಳದ ಉಬ್ಬು ಒತ್ತುತ್ತಿರಬಹುದು. ಅದು ಒಡೆದರೆ ಪ್ರಾಣಾಪಾಯ. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕುತ್ತಿಗೆ ನೋವಿನೊಂದಿಗೆ ಹಠಾತ್ತಾಗಿ ಬಂದ ಹಾರ್ನರ್ ಲಕ್ಷಣಕ್ಕೂ ಇದೇ ಮಾತು. ಯಾವಾಗ ಪರೀಕ್ಷೆ ಮಾಡಬಾರದು ಎಂದು ತಿಳಿಯುವುದೂ ಪರೀಕ್ಷೆಯ ಪಾಠದ ಭಾಗ.

ಕೊನೆಗೆ ಒಂದು ಮಾಹಿತಿ ಸೇರಿಸಿದೆ. ಇದೇ ಬಗೆಯ ಗ್ರಾಹಕಗಳ ಮೇಲೆ ಕೆಲಸ ಮಾಡುವ 0.1 ಪ್ರತಿಶತ ಆಕ್ಸಿಮೆಟಜೋಲಿನ್ ಹನಿಗೆ, ವಯಸ್ಕರಲ್ಲಿ ನಂತರ ಬಂದ ರೆಪ್ಪೆ ಇಳಿತದ ಚಿಕಿತ್ಸೆಗಾಗಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಪರೀಕ್ಷೆಯಾಗಿದ್ದ ವಿಚಾರ ಚಿಕಿತ್ಸೆಯೂ ಆದದ್ದಕ್ಕೆ ಇದು ಉದಾಹರಣೆ. ಪರಿಣಾಮ ಕೆಲವು ಗಂಟೆಗಳದು. ಕಾರಣವನ್ನು ಅದು ಗುಣಪಡಿಸುವುದಿಲ್ಲ.

ತರಗತಿಯಲ್ಲಿರುವ ಮಗು

ನಾನು ಪಾಠ ಮಾಡಿದ ತರಗತಿಯಲ್ಲಿ ಹುಟ್ಟಿನಿಂದಲೇ ಒಂದು ರೆಪ್ಪೆ ಇಳಿದಿರುವ ವಿದ್ಯಾರ್ಥಿಯೊಬ್ಬನಿದ್ದ. ಗಲ್ಲವನ್ನು ಸ್ವಲ್ಪ ಮೇಲೆತ್ತಿ ಹಲಗೆ ನೋಡುತ್ತಿದ್ದ. ಸಹಪಾಠಿಗಳು ಇಟ್ಟ ಅಡ್ಡಹೆಸರೂ ಇತ್ತು. ಪಾಠದ ವಾರಕ್ಕೆ ಮೊದಲು ತರಗತಿ ಶಿಕ್ಷಕರ ಸಮ್ಮುಖದಲ್ಲಿ ಅವನ ಜೊತೆ ಮಾತನಾಡಿ, ಈ ವಿಷಯ ಎತ್ತಿಕೊಂಡರೆ ಬೇಸರವೇ ಎಂದು ಕೇಳಿದೆ. ‘ಪಾಠ ಮಾಡಿ ಮೇಡಂ, ನನ್ನ ಮಾತ್ರ ಎಬ್ಬಿಸಿ ನಿಲ್ಲಿಸಬೇಡಿ’ ಎಂದ. ಹಾಗೆಯೇ ನಡೆದುಕೊಂಡೆ. ಚೀಟಿಗಳಲ್ಲಿ ಹುಟ್ಟಿನಿಂದ ಬರುವ ರೆಪ್ಪೆ ಇಳಿತವನ್ನು ಸೇರಿಸದೆ ಇದ್ದದ್ದೂ ಅದಕ್ಕೇ.

ಎರಡನೆಯ ಅವಧಿ ಮುಗಿದ ಮೇಲೆ ಅವನು ಹಲಗೆಯ ಬಳಿ ಬಂದು, ‘ಹನಿ ಹಾಕಿದರೆ ನಂದೂ ಏಳುತ್ತಾ ಮೇಡಂ?’ ಎಂದು ಕೇಳಿದ. ಏಳುತ್ತದೆ ಎಂದೋ ಏಳುವುದಿಲ್ಲ ಎಂದೋ ಹೇಳುವುದು ನನ್ನ ಕೆಲಸವಲ್ಲ. ಹುಟ್ಟಿನಿಂದ ಬಂದ ಇಳಿತದಲ್ಲಿ ಸಾಮಾನ್ಯವಾಗಿ ಲಿವೇಟರ್ ಸ್ನಾಯುವೇ ಸರಿಯಾಗಿ ಬೆಳೆದಿರುವುದಿಲ್ಲ, ಆದ್ದರಿಂದ ಆ ಸ್ನಾಯುವಿನ ಬಲವನ್ನು ಮೊದಲು ಅಳೆಯಬೇಕು ಎಂದು ವಿವರಿಸಿದೆ. ವೈದ್ಯರಿಗೆ ಕೇಳಬೇಕಾದ ಎರಡು ಪ್ರಶ್ನೆಗಳನ್ನು ಅವನ ಪುಸ್ತಕದ ಹಿಂದೆ ಅವನೇ ಬರೆದುಕೊಂಡ: ‘ನನ್ನ ರೆಪ್ಪೆ ಎಷ್ಟು ಮಿಲಿಮೀಟರ್ ಏರುತ್ತದೆ? ಎರಡೂ ಕಣ್ಣಿನ ನೋಟ ಸಮವಾಗಿದೆಯೇ?’ ತರಗತಿ ಶಿಕ್ಷಕರು ಮನೆಯವರನ್ನು ಕರೆಸಿ ಮಾತನಾಡಿದರು. ಅವನನ್ನು ಹಿಂದೆ ಯಾರೂ ಕಣ್ಣಿನ ವೈದ್ಯರಿಗೆ ತೋರಿಸಿರಲಿಲ್ಲ.

ನಮಗೆ, ಅದರಲ್ಲೂ ಪ್ರಾಥಮಿಕ ತರಗತಿಗಳಿಗೆ ಹೋಗುವ ಮಿತ್ರರಿಗೆ, ಇದು ಮುಖ್ಯ. ಎಳೆಯ ವಯಸ್ಸಿನಲ್ಲಿ ರೆಪ್ಪೆ ಪಾಪೆಯನ್ನು ಮುಚ್ಚಿದರೆ ಆ ಕಣ್ಣಿನ ನೋಟ ಮಿದುಳಿನಲ್ಲಿ ಸರಿಯಾಗಿ ಬೆಳೆಯುವುದೇ ಇಲ್ಲ. ಏಳೆಂಟು ವರ್ಷದೊಳಗೆ ಗುರುತಿಸಿದರೆ ತಿದ್ದುವ ಅವಕಾಶ ಹೆಚ್ಚು. ತಡವಾದಷ್ಟೂ ಅದು ಕಡಿಮೆಯಾಗುತ್ತದೆ. ಗಲ್ಲ ಎತ್ತಿ ನೋಡುವ, ಸದಾ ಹುಬ್ಬೇರಿಸಿರುವ ಮಗುವನ್ನು ಗಮನಿಸಿ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತಪ್ಪದೆ ತೋರಿಸಬೇಕು. ನೇರ ಕೂತುಕೋ ಎಂದು ಗದರಿಸುವ ಮೊದಲು ಅದು ಏಕೆ ಹಾಗೆ ಕೂತಿದೆ ಎಂದು ನೋಡೋಣ.

ಹಂತ 5: ಮೌಲ್ಯಮಾಪನ

1. ಮ್ಯುಲರ್ ಸ್ನಾಯು ಮತ್ತು ಲಿವೇಟರ್ ಸ್ನಾಯುಗಳಿಗಿರುವ ಎರಡು ವ್ಯತ್ಯಾಸ ತಿಳಿಸಿ. (ಜ್ಞಾನ)
2. ಒಂದು ಕಣ್ಣಿಗೆ ಹನಿ ಹಾಕಿದರೂ ಎರಡೂ ಕಣ್ಣುಗಳನ್ನು ಅಳೆಯಬೇಕು, ಏಕೆ? (ತಿಳಿವಳಿಕೆ)
3. ಹಾರ್ನರ್ ಸಿಂಡ್ರೋಮ್ ಇರುವ ಕಣ್ಣು ಕೊಕೇನ್ ಹನಿಗೂ ಅಪ್ರಾಕ್ಲೊನಿಡಿನ್ ಹನಿಗೂ ಬೇರೆ ಬೇರೆಯಾಗಿ ವರ್ತಿಸಲು ಕಾರಣವೇನು? (ಅನ್ವಯ)
4. ‘ಹನಿಗೆ ರೆಪ್ಪೆ ಏರಿತು, ಆದ್ದರಿಂದ ಮ್ಯುಲರ್ ಸ್ನಾಯುವೇ ಕೆಟ್ಟಿತ್ತು.’ ಈ ತೀರ್ಮಾನವನ್ನು ಪರಿಶೀಲಿಸಿ. (ವಿಶ್ಲೇಷಣೆ)

ಮೊದಲ ಎರಡಕ್ಕೆ ಬಹುತೇಕ ಎಲ್ಲರೂ ಉತ್ತರಿಸಿದರು. ಮೂರನೆಯದಕ್ಕೆ ತೊಟ್ಟಿ ಮತ್ತು ನಲ್ಲಿಯ ಚಿತ್ರ ಬರೆದು ವಿವರಿಸಿದವರು ಹಲವರು. ನಾಲ್ಕನೆಯದು ಕಠಿಣವಾಗಿತ್ತು, ಆದರೆ ಉತ್ತರಿಸಿದವರು ಎತ್ತಿನ ಹೋಲಿಕೆಯನ್ನು ಬಿಟ್ಟು ಸ್ನಾಯುಗಳ ಹೆಸರಿನಲ್ಲೇ ಬರೆದದ್ದು ನನಗೆ ಸಮಾಧಾನ ತಂದಿತು. ಹೋಲಿಕೆ ಏಣಿಯಿದ್ದಂತೆ, ಹತ್ತಿದ ಮೇಲೆ ಬಿಡಬೇಕು.

ಸಹಪ್ರಶಿಕ್ಷಣಾರ್ಥಿಗಳಿಗೆ ಸಲಹೆ

ಈ ಪಾಠವನ್ನು ಒಂದೇ ಅವಧಿಯಲ್ಲಿ ಮುಗಿಸುವುದಾದರೆ ಚೀಟಿ 1 ಮತ್ತು 4 ಸಾಕು. ಔಷಧಿಗಳ ಹೆಸರನ್ನು ಬಾಯಿಪಾಠ ಮಾಡಿಸಬೇಡಿ, ಹಲಗೆಯ ಮೇಲಿರಲಿ. ಊಹೆ ಬರೆಯುವ ಮೊದಲು ಚೀಟಿ ತಿರುಗಿಸಲು ಬಿಡಬೇಡಿ, ಏಕೆಂದರೆ ಉತ್ತರ ಕಂಡ ಮೇಲೆ ಎಲ್ಲರಿಗೂ ಅದು ಮೊದಲೇ ಗೊತ್ತಿದ್ದಂತೆ ತೋರುತ್ತದೆ. ಇದೇ ಕ್ರಮವನ್ನು ಲಿಟ್ಮಸ್ ಪರೀಕ್ಷೆಗೂ ಪಿಷ್ಟದ ಅಯೋಡಿನ್ ಪರೀಕ್ಷೆಗೂ ಅನ್ವಯಿಸಬಹುದು: ಮೊದಲಿನ ಸ್ಥಿತಿಯನ್ನು ಬರೆದುಕೊಳ್ಳಿ, ಊಹಿಸಿ, ಬೇಕಾದಷ್ಟು ಕಾಯಿರಿ, ಪಕ್ಕದ್ದನ್ನೂ ನೋಡಿ, ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರೆಯಿರಿ.

ಮನೆಗೆಲಸ: ವೈದ್ಯರು ಅಥವಾ ಆಶಾ ಕಾರ್ಯಕರ್ತೆಯರು ನಿಮ್ಮ ಮನೆಯವರಿಗೆ ಮಾಡಿದ ಯಾವುದಾದರೂ ಒಂದು ಪರೀಕ್ಷೆಯನ್ನು ಆರಿಸಿಕೊಂಡು, ‘ಅದು ದೇಹಕ್ಕೆ ಕೇಳಿದ ಪ್ರಶ್ನೆ ಯಾವುದು? ಯಾವ ಪ್ರಶ್ನೆಯನ್ನು ಕೇಳಲಿಲ್ಲ?’ ಎಂದು ಐದು ವಾಕ್ಯಗಳಲ್ಲಿ ಬರೆಯಿರಿ.